ಲೈನವ್ವನಿಗೆ ಹೂ ಕೇಳಿದ್ದು

ನನ್ನ ಸಂಸಾರದಲ್ಲಿ ನಾನು ಆಸೆಪಟ್ಟಿದ್ದು ಒಂದು ಬಾಗಿಲಿಗೆ. ಮಾಳಿಗೆಯ ಮೇಲೊಂದು ಖೋಲಿ, ಆ ಖೋಲಿಗೊಂದು ಬಾಗಿಲು, ಬಾಗಿಲಿಗೆ ಒಳಗಿನಿಂದ ಹಾಕಿಕೊಳ್ಳುವ ಚಿಲಕ. ಬಂಗಾರ ಕೇಳಲಿಲ್ಲ, ಕಾಶಿಗೆ ಕರೆದುಕೊಂಡು ಹೋಗಿ ಅನ್ನಲಿಲ್ಲ. ರಾಣೇಬೆನ್ನೂರಿನಲ್ಲಿ ಹಲಗೇರಿ ದಾರಿಯ ಕಡೆಗಿರುವ ನಮ್ಮ ಮನೆಗೆ ಇರುವುದು ಪಡಸಾಲೆ, ಅಡುಗೆಮನೆ, ಒಂದು ಖೋಲಿ. ಆ ಖೋಲಿ ಅತ್ತೆಯದು. ನಾನು ಮದುವೆಯಾಗಿ ಬಂದಾಗಿನಿಂದ ನನ್ನ ಗಂಡನೂ ನಾನೂ ಪಡಸಾಲೆಯಲ್ಲಿ ಮಲಗುತ್ತೇವೆ. ಮಗಳು ಹುಟ್ಟಿ, ನಮ್ಮಿಬ್ಬರ ನಡುವೆ ಮಲಗಿ ಬೆಳೆದು, ಈಗ ಹಾವೇರಿಯಲ್ಲಿ ಹಾಸ್ಟೆಲ್ಲಿನಲ್ಲಿದ್ದು ಓದುತ್ತಿದ್ದಾಳೆ. ನಾವು ಮಾತ್ರ ಪಡಸಾಲೆಯಲ್ಲೇ ಇದ್ದೇವೆ.

ಪಡಸಾಲೆಗೂ ಅತ್ತೆಯ ಖೋಲಿಗೂ ನಡುವೆ ಇರುವುದು ಒಂದು ಪರದೆ. ಆಕಡೆ ಅವರು ಮಗ್ಗಲು ಬದಲಿಸಿದರೆ ಈಕಡೆ ಗೊತ್ತಾಗುತ್ತದೆ. ಈಕಡೆ ನಾವು ಪಿಸುಗುಟ್ಟಿದರೆ ಆಕಡೆಯಿಂದ "ಏನಂದ್ರಿ?" ಅಂತ ಕೇಳುತ್ತದೆ. ನಾನು ಗಂಡನ ಜೊತೆ ಮನಸಾರೆ ಜಗಳವಾಡಬೇಕೆಂದರೂ ಬಸ್‌ಸ್ಟ್ಯಾಂಡಿಗೆ ಹೋಗಬೇಕು, ಅಲ್ಲಿನ ಗದ್ದಲದಲ್ಲಿ ನಮ್ಮ ಮಾತು ಯಾರಿಗೂ ಕೇಳುವುದಿಲ್ಲ. ಎಷ್ಟೋ ಸಲ ಹಾಗೆ ಜಗಳವಾಡಿ ನಾನು ಬ್ಯಾಡಗಿ ಬಸ್ಸು ಹತ್ತಿದ್ದೇನೆ, ಅವರು ಬೀಜದ ಕಂಪನಿಯ ಗೋದಾಮಿಗೆ ಕೆಲಸಕ್ಕೆ ಹೋಗಿದ್ದಾರೆ. ನಾನು ಬ್ಯಾಡಗಿಯ ಒಂದು ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ.

ಮಗಳು ಹೈಸ್ಕೂಲು ಸೇರಿದ ವರ್ಷ ಕೊನೆಗೂ ಮೇಲೆ ಖೋಲಿ ಕಟ್ಟಿಸುವುದೆಂದು ತೀರ್ಮಾನವಾಯಿತು. ನಕ್ಷೆ ಬರೆಸಿದೆವು. ನಾನು ಬಾಗಿಲಿನ ಅಂಗಡಿಗೂ ಹೋಗಿ ಬಂದಿದ್ದೆ. ಪರವಾನಗಿ ಕೇಳಲು ಹೋದ ಗಂಡ ಸಪ್ಪೆ ಮುಖ ಮಾಡಿಕೊಂಡು ಮರಳಿದರು. "ನಮ್ಮ ಮನಿ ಲೈನಿನ್ಯಾಗ ಬರತೈತಂತ," ಅಂದರು.

ಯಾವ ಲೈನು ಎಂದು ತಿಳಿದದ್ದು ಆಮೇಲೆ. ಊರಿನ ಮುಂದಿನ ಇಪ್ಪತ್ತು ವರ್ಷದ ಓಡಾಟಕ್ಕೆ ಒಂದು ಯೋಜನೆ ತಯಾರಾಗಿತ್ತು. ಅದರಲ್ಲಿ ಊರನ್ನು ಸುತ್ತಿಕೊಂಡು ಹೋಗುವ ಒಂದು ಅಗಲವಾದ ರಸ್ತೆ. ಅದು ನಮ್ಮ ಓಣಿಯ ಮನೆಗಳ ಮುಂಭಾಗವನ್ನು ತಿಂದುಕೊಂಡು ಹೋಗುತ್ತಿತ್ತು. ನಮ್ಮ ಮನೆಯಲ್ಲಿ ಅದು ಸರಿಯಾಗಿ ಪಡಸಾಲೆಯ ಮೇಲೆ, ಅಂದರೆ ನಮ್ಮ ಹಾಸಿಗೆಯ ಮೇಲೆ ಹಾಯುತ್ತಿತ್ತು. ಇಷ್ಟು ವರ್ಷ ಗೋಡೆಯಿಲ್ಲದೆ ಮಲಗಿದ ನಮಗೆ ಇನ್ನು ಲಾರಿಗಳೂ ಜೊತೆಗಿರುತ್ತವೆ ಎಂದು ನಾನು ಗಂಡನಿಗೆ ಹೇಳಿದೆ. ಅವರಿಗೆ ನಗು ಬರಲಿಲ್ಲ.

ಜನರ ಅಭಿಪ್ರಾಯ ಕೇಳಲು ಒಂದು ಸಭೆ ಕರೆದಿದ್ದರು. ಓಣಿಯವರೆಲ್ಲ ಹೋದೆವು. ಗೋಡೆಯ ಮೇಲೆ ಊರಿನ ನಕ್ಷೆ ಮೂಡಿತ್ತು, ರಸ್ತೆಗೊಂದು ಬಣ್ಣ. ಎಂಜಿನಿಯರ್ ಒಳ್ಳೆಯ ಮನುಷ್ಯ, ತಾಳ್ಮೆಯಿಂದ ಹೇಳಿದ. ಮಂಡಿಗೆ ಹೋಗುವ ಲಾರಿ, ಟ್ರ್ಯಾಕ್ಟರ್ ಊರ ನಡುವೆ ನುಗ್ಗಬಾರದು, ಹೊರಗಿನಿಂದಲೇ ಸುತ್ತಿ ಹೋಗಬೇಕು ಅಂದ. ಆ ಮಾತಿಗೆ ನಾನು ತಲೆಯಾಡಿಸಿದೆ ಎಂದು ಓಣಿಯವರು ನನ್ನನ್ನು ಕೆಕ್ಕರಿಸಿ ನೋಡಿದರು. ಏನು ಮಾಡಲಿ? ಮೆಣಸಿನಕಾಯಿ ಸುಗ್ಗಿಯಲ್ಲಿ ಬ್ಯಾಡಗಿಗೆ ದಿನಾ ಹೋಗಿ ಬರುವವಳು ನಾನು. ಚೀಲ ತುಂಬಿದ ಲಾರಿಗಳ ಹಿಂದೆ ಬಸ್ಸು ನಿಂತುಬಿಟ್ಟರೆ ಒಬ್ಬರು ಸೀನುತ್ತಾರೆ, ಆಮೇಲೆ ಇಡೀ ಬಸ್ಸು ಸೀನುತ್ತದೆ. ಶಾಲೆಯ ಪ್ರಾರ್ಥನೆ ಮುಗಿದ ಮೇಲೆ ಕಣ್ಣೊರೆಸಿಕೊಳ್ಳುತ್ತ ಒಳಗೆ ಹೋದ ದಿನಗಳು ಬೇಕಾದಷ್ಟಿವೆ. ಇಂಥ ರಸ್ತೆ ಬೇಕೇ ಬೇಕು. ಆದರೆ ಅದು ನನ್ನ ಹಾಸಿಗೆಯ ಮೇಲೇ ಹೋಗಬೇಕೆ?

ನಾನು ಎದ್ದು ನಿಂತು, "ರಸ್ತೆ ಯಾವಾಗ ಆಕ್ಕೈತ್ರಿ? ರೊಕ್ಕಾ ಎಲ್ಲೈತ್ರಿ?" ಅಂತ ಕೇಳಿದೆ.

ಆತ ಬಿಡಿಸಿ ಹೇಳಿದ. ರಸ್ತೆ ಮೂರು ಹಂತದಲ್ಲಿ ಆಗುತ್ತದೆ. ಮೊದಲನೆಯದಕ್ಕೆ ಸರಕಾರದ ಹಣ ಮಂಜೂರಾಗಿದೆ. ಎರಡನೆಯದಕ್ಕೆ ಹೊಸ ಬಡಾವಣೆಯವರು ಕಟ್ಟುವ ಶುಲ್ಕ, ಜೊತೆಗೆ ಸ್ವಲ್ಪ ಸಾಲ. ಮೂರನೆಯ ಹಂತ ಅನುದಾನದ ಲಭ್ಯತೆಯ ಮೇರೆಗೆ.

"ನಮ್ಮ ಓಣಿ ಎಷ್ಟನೇದ್ರಿ?"

"ಮೂರನೇದ್ರಿ ಅಕ್ಕೋರ."

ಅನುದಾನದ ಲಭ್ಯತೆಯ ಮೇರೆಗೆ. ಶಾಲೆಯ ಸೋರುವ ಕೋಣೆಯ ಬಗ್ಗೆ ಪಾಲಕರು ಕೇಳಿದಾಗ ನಾನೂ ಇದೇ ಮಾತು ಹೇಳುತ್ತೇನೆ, ಆದ್ದರಿಂದ ಇದರ ಅರ್ಥ ನನಗೆ ಚೆನ್ನಾಗಿ ಗೊತ್ತು. "ಒಡಿಯೂದಿದ್ರ ಈಗ ಒಡೀರಿ, ಪರಿಹಾರ ಕೊಡ್ರಿ, ಬ್ಯಾರೆ ಕಡೆ ಕಟ್ಟಿಸ್ಕೋತೇವಿ. ಇಲ್ಲಾಂದ್ರ ಬಿಟ್ಟಬಿಡ್ರಿ," ಅಂದೆ. ಎರಡೂ ತನ್ನ ಕೈಯಲ್ಲಿಲ್ಲ ಎಂದು ಆತ ನೀರು ಕುಡಿದ. ಒಡೆಯಲು ಅವರ ಹತ್ತಿರ ಹಣವಿಲ್ಲ, ಕಟ್ಟಲು ನಮಗೆ ಪರವಾನಗಿ ಇಲ್ಲ. ಮಾರೋಣವೆಂದರೆ ಲೈನಿನಲ್ಲಿರುವ ಮನೆಯನ್ನು ಯಾವ ಪುಣ್ಯಾತ್ಮ ಕೊಳ್ಳುತ್ತಾನೆ? ಬ್ಯಾಂಕಿನವರು ನಕ್ಷೆ ನೋಡಿ ನಮ್ಮ ಅರ್ಜಿಯನ್ನು ಮೆಲ್ಲಗೆ ನಮ್ಮ ಕಡೆಗೇ ತಳ್ಳಿದರು. ಆ ದಿನ ಮನೆಗೆ ಬಂದು ಪರದೆಯ ಮುಂದೆ ಕುಳಿತು ನಾನು ಅತ್ತುಬಿಟ್ಟೆ.

ಆಮೇಲೆ ಸರ್ವೆಯವರು ಬಂದರು. ಅತ್ತೆ ಅವರಿಗೆ ಮಜ್ಜಿಗೆ ಕೊಟ್ಟರು. ಅವರು ಮಜ್ಜಿಗೆ ಕುಡಿದು, ನಮ್ಮ ಅಂಗಳದಲ್ಲಿ ಮೆಟ್ಟಿಲ ಪಕ್ಕಕ್ಕೆ ಮೊಣಕಾಲೆತ್ತರದ ಕಲ್ಲು ನೆಟ್ಟು ಹೋದರು. ಓಣಿಯ ಉದ್ದಕ್ಕೂ ಅಂಥ ಕಲ್ಲುಗಳು. ತಲೆಗೆ ಹಳದಿ ಬಣ್ಣ, ಅದರ ಕೆಳಗೆ ಕೆಂಪು ಅಂಕಿ. ಅರ್ಧ ಪೂಜೆಯನ್ನು ಸರ್ವೆಯವರೇ ಮುಗಿಸಿಹೋಗಿದ್ದರು ಅನ್ನಬೇಕು.

ಉಳಿದರ್ಧವನ್ನು ಅತ್ತೆ ಮಾಡಿದರು. ದಿನಾ ಬೆಳಿಗ್ಗೆ ಅಂಗಳಕ್ಕೆ ನೀರು ಹಾಕಿ ರಂಗೋಲಿ ಬಿಡುವುದು ಅವರ ಕೆಲಸ. ರಂಗೋಲಿಯ ಮಗ್ಗುಲಲ್ಲೇ ಒಂದು ಕಲ್ಲು ಬೋಳು ಬೋಳಾಗಿ ನಿಂತಿರುವುದು ಅವರ ಕಣ್ಣಿಗೆ ಸರಿ ಕಾಣಲಿಲ್ಲ. "ಬಾಗಲಾಗ ನಿಂತೈತಿ, ಹಂಗ ಬಿಡಬಾರ್ದು," ಎಂದು ಒಂದು ಬೊಟ್ಟು ಕುಂಕುಮ ಇಟ್ಟರು. ನಾನು ನಕ್ಕೆ. ಒಂದು ಅಮಾವಾಸ್ಯೆಗೆ ಕಾಯಿ ಒಡೆದು, ರಸ್ತೆ ನಮ್ಮನ್ನು ಬಿಟ್ಟು ಆಚೆ ಹೋಗಲಿ ಎಂದು ಕೈಮುಗಿದರು. ಎದುರುಮನೆಯಾಕೆ ನೋಡಿ ತಾನೂ ಒಂದು ಕಾಯಿ ತಂದಳು. ಆ ವರ್ಷದ ಬಜೆಟ್ಟಿನಲ್ಲಿ ಮೂರನೆಯ ಹಂತಕ್ಕೆ ಬಿಡಿಗಾಸೂ ಬರಲಿಲ್ಲ. ಓಣಿಯ ಹೆಂಗಸರೆಲ್ಲ ಹಣ್ಣುಕಾಯಿ ಹಿಡಿದು ನಮ್ಮ ಅಂಗಳಕ್ಕೆ ಬಂದರು.

ಸರಕಾರದ ಅನುದಾನ ತಡೆಯುವ ದೇವರು ಬೇರೆಲ್ಲಾದರೂ ಇದೆಯೋ ಗೊತ್ತಿಲ್ಲ, ನಮ್ಮ ಓಣಿಯಲ್ಲಿದೆ. ಲೈನವ್ವ ಅಂತ ಹೆಸರೂ ಬಿತ್ತು. ಹಣ ಬಾರದ ವರ್ಷ ಅವಳಿಗೆ ಸೀರೆ. ಮನೆಮನೆಯಿಂದ ಪಟ್ಟಿ ಎತ್ತಿ ತಗಡಿನ ಮಾಡು ಹಾಕಿಸಿದರು. ಮಂಗಳವಾರ, ಶುಕ್ರವಾರ ನಮ್ಮ ಮೆಟ್ಟಿಲ ಮೇಲೆ ಕಾಲಿಡಲು ಜಾಗವಿರುತ್ತಿರಲಿಲ್ಲ. ಮಾವ ತೀರಿಕೊಂಡ ಮೇಲೆ ಹೆಚ್ಚಾಗಿ ಆ ಖೋಲಿಯಲ್ಲೇ ಇರುತ್ತಿದ್ದ ಅತ್ತೆ, ಈಗ ಎಲ್ಲರಿಗೂ ಕುಂಕುಮ ಹಚ್ಚಿ, ಅವರವರ ಮನೆಯ ಸುಖದುಃಖ ಕೇಳಿ, ಮೆಟ್ಟಿಲ ಮೇಲೆ ದೊಡ್ಡಾಕೆಯಾಗಿ ಕೂಡತೊಡಗಿದರು. ಅದನ್ನು ನೋಡಿ ನನಗೆ ಖುಷಿಯೂ ಆಗುತ್ತಿತ್ತು, ಸಿಟ್ಟೂ ಬರುತ್ತಿತ್ತು. ಯಾಕೆಂದರೆ ಓಣಿಯವರಿಗೆ ರಸ್ತೆ ಬಾರದಿದ್ದರೆ ಸಾಕಿತ್ತು, ಅವರವರ ಮನೆಯಲ್ಲಿ ಅವರವರಿಗೆ ಖೋಲಿಗಳಿದ್ದವು. ನನಗೆ ಬೇಕಾಗಿದ್ದು ಏನಾದರೂ ಒಂದು ಆಗುವುದು. ರಸ್ತೆಯಾದರೂ ಬರಲಿ, ಲೈನಾದರೂ ಹೋಗಲಿ. ಎಲ್ಲರೂ ಹೋದ ಮೇಲೆ ನಾನು ಕಲ್ಲಿನ ಮುಂದೆ ನಿಂತು, "ಯವ್ವಾ, ನಿಂದು ಏನರ ಒಂದ ಮಾಡ," ಎಂದು ಬೇಡಿಕೊಳ್ಳುತ್ತಿದ್ದೆ. ಹೀಗೇ ವರ್ಷಗಳು ಕಳೆದವು. ನನ್ನ ತಲೆಯಲ್ಲಿ ಬಿಳಿಗೂದಲು ಬಂತು, ಪರದೆ ಹರಿದು ಹೊಸ ಪರದೆ ಬಂತು.

ಕೊನೆಗೆ ಯೋಜನೆಯನ್ನು ಮತ್ತೊಮ್ಮೆ ತಿದ್ದಿದರು. ಮನೆಗಳನ್ನು ಒಡೆದು ಪರಿಹಾರ ಕೊಡುವುದಕ್ಕಿಂತ ರಸ್ತೆಯನ್ನು ದೂರದ ಹೊಲಗಳ ಮೇಲೆ ಹಾಯಿಸುವುದು ಅಗ್ಗವೆಂದು ಲೆಕ್ಕ ಹಾಕಿದರಂತೆ. ಹೊಲದವರಿಗೆ ಹಣದ ಬದಲು ಅಭಿವೃದ್ಧಿಯಾದ ಜಾಗದಲ್ಲಿ ಪಾಲು ಕೊಟ್ಟರೆ ಸರಕಾರಕ್ಕೆ ಕೈಯಿಂದ ಹಾಕುವುದು ಕಡಿಮೆ. ಇಷ್ಟು ಬುದ್ಧಿ ಮೊದಲೇ ಯಾಕೆ ಬರಲಿಲ್ಲ ಎಂದು ನಾನು ಯಾರನ್ನೂ ಕೇಳಲಿಲ್ಲ, ಅಷ್ಟು ಸಂತೋಷವಾಗಿತ್ತು. ಮತ್ತೆ ಬಾಗಿಲಿನ ಅಂಗಡಿಗೆ ಹೋದೆ. ಸಾಗವಾನಿ ಬಾಗಿಲಿನ ಮೇಲೆ ಕೈಯಾಡಿಸಿ, ಚಿಲಕ ಹಾಕಿ ತೆಗೆದು ನೋಡಿದೆ. ಅಂಗಡಿಯವ ಮನೆಗೇನ್ರಿ ಅಂದ. ಹೌದು, ಮನೆಗೆ ಅಂದೆ.

ಲೈನು ಬಿಟ್ಟಿತೆಂದರೆ ಸಾಲದು, ಹಳೆಯ ಕಲ್ಲುಗಳನ್ನು ಕಿತ್ತು, ಖಾಲಿ ಜಾಗದ ಫೋಟೋವನ್ನು ಕಚೇರಿಯವರು ತಮ್ಮ ಆ್ಯಪಿಗೆ ಏರಿಸಬೇಕಿತ್ತು. ಕಲ್ಲು ಇರುವತನಕ ಆ್ಯಪಿನಲ್ಲಿ ಆ ಜಾಗ ರಸ್ತೆಯದೇ, ಕಟ್ಟಲು ಪರವಾನಗಿ ಇಲ್ಲ. ಒಂದು ಬೆಳಿಗ್ಗೆ ಕಚೇರಿಯವರು ಇಬ್ಬರು ಆಳುಗಳ ಜೊತೆ ಬಂದು ಓಣಿಯ ಆ ತುದಿಯಿಂದ ಶುರುಮಾಡಿದರು. ಒಂದೊಂದೇ ಕಲ್ಲು ಎದ್ದಿತು. ಜನ ಚಪ್ಪಾಳೆ ಹೊಡೆದರು. ನಾನು ಶಾಲೆಗೆ ರಜೆ ಹಾಕಿ ಮೆಟ್ಟಿಲ ಮೇಲೆ ನಿಂತಿದ್ದೆ.

ನಮ್ಮ ಅಂಗಳಕ್ಕೆ ಬಂದವರು ಸೀರೆಯುಟ್ಟು ನಿಂತ ಕಲ್ಲನ್ನು ನೋಡಿ ಚಪ್ಪಲಿ ಕಳೆದರು. ಆಳುಗಳು ಹಾರೆಯನ್ನು ಹಿಂದಕ್ಕೆ ಹಿಡಿದರು. ಎದುರುಮನೆಯಾಕೆ ಮುಂದೆ ಬಂದು, "ಇಷ್ಟು ಮಂದಿ ಮನಿ ಉಳಿಸಿದಾಕಿನ ಹಾರಿಲೆ ಕೀಳತೀರೇನ್ರಿ?" ಅಂದಳು. ಅವಳ ಮನೆಯ ಮುಂದೆ ಕಲ್ಲು ಕಿತ್ತ ಕುಣಿಯ ಮಣ್ಣು ಇನ್ನೂ ಒಣಗಿರಲಿಲ್ಲ. ಎಲ್ಲರೂ ಹೌದು ಹೌದು ಅಂದರು. ನನ್ನ ಗಂಡ ತಾಯಿಯ ಮುಖ ನೋಡಿ ಒಂದು ಹೆಜ್ಜೆ ಹಿಂದೆ ಸರಿದರು. ನನಗೆ ತಡೆಯಲಾಗಲಿಲ್ಲ. "ಆಕಿನ ಗುಡಿಯಾಗ ಕೂಡಿಸೂಣ್ರಿ, ಕೆರಿ ದಂಡಿ ಮ್ಯಾಲೆ. ಖರ್ಚ ನಾವು ಕೊಡತೇವಿ," ಅಂದೆ.

"ಆಕಿ ಬರತೇನಿ ಅಂದ್ರ ಕರಕೊಂಡು ಹೋಗೂಣು. ಹೂ ಕೇಳ್ರಿ," ಅಂದರು ಎಲ್ಲರೂ.

ನಮ್ಮ ಕಡೆ ದೇವರ ಮನಸ್ಸು ತಿಳಿಯಬೇಕಾದರೆ ಹೂ ಕೇಳುತ್ತಾರೆ. ದೇವರ ಎರಡೂ ಮಗ್ಗುಲಿಗೆ ಹೂ ಹಚ್ಚಿ, ಕೇಳುವುದನ್ನು ಕೇಳಿ ಕಾಯುವುದು. ಬಲಗಡೆಯದು ಬಿದ್ದರೆ ಒಪ್ಪಿಗೆ, ಎಡಗಡೆಯದು ಬಿದ್ದರೆ ಇಲ್ಲ. ಲೈನವ್ವನಿಗೆ ಮೊದಲು ಕುಂಕುಮವಿಟ್ಟವರು ಅತ್ತೆ, ಆದ್ದರಿಂದ ಅವರೇ ಕೇಳಬೇಕು. ಅವರು ಒಳಗೆ ಹೋಗಿ ಗಂಧ ತೇಯ್ದು ತಂದರು. ಎರಡು ಸೇವಂತಿಗೆ ಹೂಗಳಿಗೆ ಗಂಧ ಮೆತ್ತಿ ಕಲ್ಲಿನ ಎರಡೂ ಬದಿಗೆ ಒತ್ತಿದರು. ನಾನು ಬಲಗಡೆಯ ಹೂವನ್ನೇ ನೋಡುತ್ತ ನಿಂತೆ. ನನಗೆ ದೇವರಲ್ಲಿ ಅಂಥ ನಂಬಿಕೆಯಿಲ್ಲ, ಆದರೆ ಆವತ್ತು ಬೇಡಿಕೊಂಡಷ್ಟು ಹೆರಿಗೆಯಲ್ಲೂ ಬೇಡಿಕೊಂಡಿರಲಿಲ್ಲ.

ಹೂ ಬೀಳಲಿಲ್ಲ. ಬಲಗಡೆಯದೂ ಇಲ್ಲ, ಎಡಗಡೆಯದೂ ಇಲ್ಲ. ಬಿಸಿಲೇರಿತು. ಕಚೇರಿಯವರು ಎರಡು ಸಲ ಚಹಾ ಕುಡಿದರು. ಕೊನೆಗೆ ಅವರಲ್ಲಿ ಹಿರಿಯವನು, "ಬಿದ್ದ ಮ್ಯಾಲೆ ಒಂದು ಫೋನ್ ಮಾಡ್ರಿ ಅಕ್ಕೋರ, ಬರತೇವಿ," ಎಂದು ಚಪ್ಪಲಿ ಮೆಟ್ಟಿಕೊಂಡ. ದೇವಿ ಇನ್ನೂ ಉತ್ತರ ಕೊಟ್ಟಿಲ್ಲ, ಹೂ ತಾನಾಗಿ ಬೀಳಬೇಕು, ಅಲ್ಲಿವರೆಗೆ ಯಾರೂ ಕೈ ಹಚ್ಚಬಾರದು ಎಂದು ಓಣಿಯವರು ತೀರ್ಮಾನಿಸಿ ಊಟಕ್ಕೆ ಹೋದರು.

ಅನುದಾನ ಕಾಯ್ದದ್ದು ಸಾಲದೆಂದು ನಾನು ಹೂ ಕಾಯತೊಡಗಿದೆ. ಶಾಲೆಯಿಂದ ಬಂದು ಚಪ್ಪಲಿ ಬಿಡುವ ಮೊದಲು ಕಲ್ಲು ನೋಡುತ್ತಿದ್ದೆ. ಹೂ ಬಾಡಿದವು, ಒಣಗಿದವು, ಬೀಳಲಿಲ್ಲ. ತಗಡಿನ ಮಾಡು ಇದ್ದುದರಿಂದ ಮಳೆಯೂ ಅವುಗಳ ಮೇಲೆ ಬೀಳುತ್ತಿರಲಿಲ್ಲ. ಅಷ್ಟರಲ್ಲಿ ಓಣಿಯವರು ಪರವಾನಗಿ ತಂದು ಮೇಲೆ ಕಟ್ಟತೊಡಗಿದರು. ಎದುರುಮನೆಯಾಕೆಯ ಎರಡನೆಯ ಮಹಡಿ ಎದ್ದು ನಮ್ಮ ಅಂಗಳಕ್ಕೆ ಬರುವ ಬೆಳಗಿನ ಬಿಸಿಲು ನಿಂತಿತು. ಸಿಮೆಂಟಿನ ಧೂಳು ನಮ್ಮ ಪಡಸಾಲೆಗೆ, ಖೋಲಿಗಳು ಅವರಿಗೆ. ನೀವೇ ಕಿತ್ತು ಒಗೆಯಬಹುದಿತ್ತಲ್ಲ ಎಂದು ನೀವು ಕೇಳಬಹುದು. ಓಣಿಯಲ್ಲಿ ಬಾಳಬೇಕಲ್ಲ? ಯಾರ ಮನೆಯಲ್ಲಿ ಮಗುವಿಗೆ ಜ್ವರ ಬಂದರೂ, ಯಾರ ಎಮ್ಮೆ ಹಾಲು ಕೊಡದಿದ್ದರೂ, ಅದು ನಾನು ಕಿತ್ತ ಕಲ್ಲಿನ ಪಾಪವೇ ಆಗುತ್ತಿತ್ತು.

ಒಂದು ಶುಕ್ರವಾರ ಅತ್ತೆಗೆ ಜ್ವರ ಬಂದು ಏಳಲಾಗಲಿಲ್ಲ. ಅಂಗಳದ ಕೆಲಸ ನನ್ನ ಪಾಲಿಗೆ ಬಂತು. ಕಲ್ಲಿನ ಬುಡಕ್ಕೆ ನೀರು ಹಾಕುವಾಗ ನನ್ನ ಕೈ ತಾಗಿ ಬಲಗಡೆಯ ಹೂ ಕಿತ್ತು ಬಂತು. ಎತ್ತಿಕೊಂಡು ನೋಡಿದರೆ ಹೂವಿನ ಹಿಂದೆ ಗಂಧದ ಜೊತೆ ಗಟ್ಟಿಯಾಗಿ ಒಣಗಿದ ಬಿಳಿಯ ಹಕ್ಕಳೆ, ಅದರಲ್ಲಿ ಅರೆಯದೆ ಉಳಿದ ಅರ್ಧ ಅಗಳು. ಶಾಲೆಯಲ್ಲಿ ಗೋಡೆಗೆ ಚಿತ್ರ ಅಂಟಿಸಲು ಗೋಂದು ಸಿಗದಿದ್ದರೆ ನಾನೂ ಅನ್ನ ಅರೆದು ಹಚ್ಚುತ್ತೇನೆ. ಬಿಡಿಸಲು ಹೋದರೆ ಸುಣ್ಣ ಸಮೇತ ಬರುತ್ತದೆ.

ಅತ್ತೆ ಬಾಗಿಲಲ್ಲಿ ನಿಂತಿದ್ದರು, ಕೌದಿ ಹೊದ್ದುಕೊಂಡು. ನನ್ನ ಕೈಯಲ್ಲಿನ ಹೂ ನೋಡಿದರು. ಮೆಟ್ಟಿಲ ಮೇಲೆ ಮೆಲ್ಲಗೆ ಕುಳಿತರು.

"ಗಂಧದಾಗ ಅನ್ನ ಅರದೀರೇನ್ರಿ ಅತ್ತಿ?" ಅಂತ ಕೇಳಿದೆ.

"ಹೂಂ."

"ಎರಡಕ್ಕೂ?"

"ಎರಡಕ್ಕೂ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು, ಆದರೆ ಬಾಯಿಂದ ಬಂದದ್ದು ಬೇರೆ ಪ್ರಶ್ನೆ. "ಎಡಗಡೀದ ಒಂದ ಬೀಳೂವಂಗ ಮಾಡಿದ್ರ ಮುಗೀತಿತ್ತಲ್ರಿ? ಎರಡೂ ಯಾಕ ಅಂಟಿಸಿದ್ರಿ?"

"ಆಕಿ ಒಲ್ಲೆ ಅಂದಾಳಂತ ನಾ ಹೆಂಗ ಹೇಳ್ಲಿ? ಅದು ಸುಳ್ಳ ಆಕ್ಕಿತ್ತು," ಅಂದರು ಅತ್ತೆ. "ತಡಾ ಮಾಡಿದ್ನಿ ಅಷ್ಟ."

ಇಪ್ಪತ್ತು ವರ್ಷದ ಯೋಜನೆ ಮಾಡುವವರೂ ನಮಗೆ ಇಷ್ಟೇ ಹೇಳಿದ್ದು. ಬರುತ್ತದೆ ಅನ್ನಲಿಲ್ಲ, ಬರುವುದಿಲ್ಲ ಅನ್ನಲಿಲ್ಲ. ಅವರನ್ನು ಬಯ್ಯಲು ಒಂದು ಕಚೇರಿಯಾದರೂ ಇತ್ತು.

"ಯಾಕ್ರಿ?" ಅಂದೆ.

ಅವರು ಕೌದಿಯ ಅಂಚನ್ನು ಮಡಚುತ್ತ ಹೇಳಿದರು. "ಮ್ಯಾಲೆ ಖೋಲಿ ಆತಂದ್ರ ನೀವು ಮ್ಯಾಲೆ ಹೊಕ್ಕೀರಿ. ಈಗ ನಾ ಕೆಮ್ಮಿದ್ರ ನೀ ನೀರ ಬೇಕೇನ್ರಿ ಅಂತಿ. ನೀವಿಬ್ಬರೂ ಮಾತಾಡೂದು ಕೇಳ್ಕೋತ ನನಗ ನಿದ್ದಿ ಹತ್ತತೈತಿ. ನಿನ್ನ ಮಾವ ಹೋದಾಗಿಂದ ಹಂಗ ಮಲಗೇನಿ. ಆ ಖೋಲ್ಯಾಗ ಒಬ್ಬಾಕಿನ ಹೆಂಗ ಇರಲಿ?"

ಪರದೆಯ ಈಕಡೆ ನಾನು ಉಸಿರು ಬಿಗಿಹಿಡಿದು ಮಲಗಿದ ವರ್ಷಗಳೆಲ್ಲ ಆಕಡೆ ಅವರಿಗೆ ಜೋಗುಳವಾಗಿದ್ದವು. ನನಗೆ ಅವರ ಮೇಲೆ ಕನಿಕರ ಬಂತು, ಅದರ ಹಿಂದೆಯೇ ನನ್ನ ಮೇಲೂ ಬಂತು. ಓಣಿಯವರಿಗೆ ಒಂದು ಮಾತು ಹೇಳಿದ್ದರೆ ಸಂಜೆಯೊಳಗೆ ಕಲ್ಲು ಹೋಗುತ್ತಿತ್ತು. ಆದರೆ ಹೇಳಿದ ಮೇಲೆ ಈ ಮೆಟ್ಟಿಲ ಮೇಲೆ ಅವರ ಮುಂದೆ ಯಾರೂ ಹಣೆಯೊಡ್ಡಿ ನಿಲ್ಲುತ್ತಿರಲಿಲ್ಲ. ಹಿಂದೆ ಆಡಿಕೊಳ್ಳುತ್ತಿದ್ದರು, ಮುಂದೆ ನಗುತ್ತಿದ್ದರು. ಅವರ ಮಗನಿಗೂ ನಾನು ಹೇಳಿಲ್ಲ. ನನ್ನ ಗಂಡ ಈಗ ಇದನ್ನು ಓದಿಯೇ ತಿಳಿಯಬೇಕು.

"ಅತ್ತಿ, ಮ್ಯಾಲಿಂದಾನೂ ಕೇಳತೈತ್ರಿ. ರಾತ್ರಿ ನಾ ಇಳದು ಬರತೇನಿ. ಬೇಕಾದ್ರ ಗಂಟಿ ಹಾಕಸೂಣ್ರಿ," ಅಂದೆ.

"ಗಂಟಿ ಬ್ಯಾಡ. ಕಟ್ಟಸ್ರಿ ಖೋಲಿ. ನಾನ ಹೂ ಬಿತ್ತು ಅಂತ ಹೇಳತೇನಿ ಎಲ್ಲಾರಿಗೂ." ಅವರು ನನ್ನ ಮುಖ ನೋಡಿದರು. "ಆದ್ರ ಬಾಗಲಾ ತೆರದ ಇರಬೇಕು. ಚಿಲಕಾ ಹಾಕಬಾರ್ದು. ಖರೇ ಹೇಳು, ಹಾಕೂದಿಲ್ಲಲಾ?"

ಇಲ್ಲ ಎಂದುಬಿಟ್ಟಿದ್ದರೆ ಆಗುತ್ತಿತ್ತು. ಸಂಜೆ ಕಚೇರಿಗೆ ಫೋನು ಮಾಡಬಹುದಿತ್ತು, ದಸರೆಯೊಳಗೆ ಗೋಡೆ ಏಳುತ್ತಿತ್ತು. ಆಮೇಲೆ ಹಾಕಿಕೊಂಡರೆ ಮೆಟ್ಟಿಲೇರಿ ಬಂದು ನೋಡುವ ಶಕ್ತಿ ಆ ಮೊಣಕಾಲುಗಳಿಗೆ ಇರಲಿಲ್ಲ. ನಾನು ಬಾಯಿ ತೆರೆದೆ. ಜ್ವರದಿಂದ ಕೆಂಪಾದ ಅವರ ಕಣ್ಣು ನನ್ನ ಮೇಲೇ ಇತ್ತು. ಅಂಗಡಿಯಲ್ಲಿ ಕೈಯಾಡಿಸಿದ ಬಾಗಿಲು ನೆನಪಾಯಿತು. ನನಗೆ ಬೇಕಾಗಿದ್ದು ಅದೊಂದೇ, ಅದನ್ನು ಇಲ್ಲ ಅನ್ನಲು ನನ್ನಿಂದ ಆಗಲಿಲ್ಲ.

"ಹಾಕತೇನ್ರಿ ಅತ್ತಿ," ಅಂದೆ.

ಅವರು ಸಿಟ್ಟಾಗಲಿಲ್ಲ. ಕತ್ತು ಚಾಚಿ ಓಣಿಯ ಕಡೆ ನೋಡಿದರು. ಎದುರುಮನೆಯವರ ಬಾಗಿಲು ಇನ್ನೂ ತೆರೆದಿರಲಿಲ್ಲ.

"ಹಂಗಾರ ಆ ಹೂ ಇತ್ತಾಗ ಕೊಡು," ಎಂದು ಕೈ ಚಾಚಿದರು. "ಮಂದಿ ಏಳೂದ್ರಾಗ ಹಚ್ಚಬೇಕು. ಒಳಗ ರಾತ್ರೀದ ಅನ್ನ ಐತೇನ ನೋಡು."

ನಾನು ಹೂ ಅವರ ಕೈಗಿಟ್ಟು ಒಳಗೆ ಹೋದೆ.